ಚಿರಾಗಾನ್ ಅರಮನೆಯಲ್ಲಿ ಹುಟ್ಟಿದ ಮಕ್ಕಳು

ಟರ್ಕಿಯ ಸೀರಿಯಲ್ ನೋಡದ ಮನೆ ನಮ್ಮಲ್ಲಿ ಈಗ ಕಡಿಮೆ. ಎರ್ತುಗ್ರುಲ್ ಮುಗಿಸಿ, ಉಸ್ಮಾನ್ ಮುಗಿಸಿ, ಈಗ ಸುಲ್ತಾನ್ ಅಬ್ದುಲ್ ಹಮೀದರ ಕಥೆಗೆ ಬಂದವರು ಎಷ್ಟೋ ಜನ. ಮಲಯಾಳಂ ಸಬ್‌ಟೈಟಲ್ ಇದ್ದರೂ ಆಗುತ್ತದೆ, ಉರ್ದು ಡಬ್ಬಿಂಗ್ ಇದ್ದರೂ ಆಗುತ್ತದೆ. ಹುಡುಗರ ಮೊಬೈಲ್‌ನಲ್ಲಿ ಕುದುರೆ, ಖಡ್ಗ, ಕೆಂಪು ಬಾವುಟದ ಚಿತ್ರ. ಅದರಲ್ಲಿ ತಪ್ಪೇನೂ ಇಲ್ಲ. ನಮ್ಮ ಶಾಲೆಯ ಪಾಠಪುಸ್ತಕದಲ್ಲಿ ಆರುನೂರು ವರ್ಷದ ಉಸ್ಮಾನಿಯಾ ಸಲ್ತನತ್ತಿಗೆ ಸಿಗುವುದು ಒಂದು ಪ್ಯಾರಾ, ಅದೂ ಕಾನ್‌ಸ್ಟಾಂಟಿನೋಪಲ್ ವಶವಾಗಿ ಯುರೋಪಿನವರಿಗೆ ಸಮುದ್ರದ ದಾರಿ ಹುಡುಕಬೇಕಾಯಿತು ಅನ್ನುವಷ್ಟಕ್ಕೆ. ಸೀರಿಯಲ್‌ನಿಂದಾದರೂ ನಾಲ್ಕು ಹೆಸರು ಗೊತ್ತಾಗುವುದಾದರೆ ಆಗಲಿ.

ನನ್ನ ತಕರಾರು ಇರುವುದು ಬೇರೆ ಕಡೆ. ಅಬ್ದುಲ್ ಹಮೀದರನ್ನು ಸೀರಿಯಲ್‌ನಲ್ಲಿ ನೋಡಿ ಕಣ್ಣೀರು ಹಾಕುವ ನಾವು, ಅವರ ಸ್ವಂತ ಅಣ್ಣನ ಹೆಸರು ಕೇಳಿದ್ದೇವಾ? ಆ ಅಣ್ಣನ ಮಗ, ಶಹಝಾದೆ ಸಲಾಹುದ್ದೀನ್ ಎಫೆಂದಿಯ ಹೆಸರು? ಹದಿನೈದು ವರ್ಷದ ಹುಡುಗನಾಗಿ ಒಂದು ಅರಮನೆಯ ಬಾಗಿಲು ದಾಟಿ ಒಳಗೆ ಹೋದವನು ಹೊರಗೆ ಬರುವಾಗ 43 ವರ್ಷದ ಅಜ್ಜನಾಗಿದ್ದ. ಹೌದು, ಅಜ್ಜನೇ. ಮೊಮ್ಮಗು ಕೂಡ ಆ ಗೋಡೆಯೊಳಗೇ ಹುಟ್ಟಿತ್ತು.

ಕಥೆ 1876ರದ್ದು. ಆ ವರ್ಷ ಇಸ್ತಾಂಬುಲ್ ಮೂರು ಸುಲ್ತಾನರನ್ನು ಕಂಡಿತು. ಮೇ 30ರಂದು ಮಂತ್ರಿಗಳು ಮತ್ತು ಸೇನಾಪತಿಗಳು ಸೇರಿ ಸುಲ್ತಾನ್ ಅಬ್ದುಲ್ ಅಝೀಝರನ್ನು ಇಳಿಸಿದರು. ಅವರ ಅಣ್ಣನ ಮಗ ಮುರಾದರನ್ನು ಕೂರಿಸಿದರು. ಇವರೇ ಐದನೇ ಮುರಾದ್. ವಯಸ್ಸು 35. ಫ್ರೆಂಚ್ ಬಲ್ಲವರು, ಪಿಯಾನೋ ನುಡಿಸುವವರು, ಸ್ವತಃ ರಾಗ ಕಟ್ಟುವವರು. 1867ರಲ್ಲಿ ಚಿಕ್ಕಪ್ಪನ ಜೊತೆ ಪ್ಯಾರಿಸ್, ಲಂಡನ್ ನೋಡಿ ಬಂದವರು. ಆ ಪ್ರಯಾಣದಲ್ಲಿ ತಮ್ಮ ಅಬ್ದುಲ್ ಹಮೀದ್ ಕೂಡ ಇದ್ದರು. ಸಂವಿಧಾನ ಬೇಕು ಎನ್ನುವವರಿಗೆ ಮುರಾದರ ಮೇಲೆ ಬಹಳ ಆಸೆ ಇತ್ತು.

ಐದೇ ದಿನಕ್ಕೆ, ಜೂನ್ 4ರಂದು, ಅಬ್ದುಲ್ ಅಝೀಝರು ಕೈಯ ನಾಡಿ ಕತ್ತರಿಸಿದ ಸ್ಥಿತಿಯಲ್ಲಿ ಶವವಾಗಿ ಸಿಕ್ಕಿದರು. ಆತ್ಮಹತ್ಯೆಯೋ ಕೊಲೆಯೋ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ಹನ್ನೊಂದು ದಿನ ಕಳೆದು, ಹಸನ್ ಎಂಬ ಸರ್ಕೇಶಿಯನ್ ಸೇನಾಧಿಕಾರಿ ಮಂತ್ರಿಗಳ ಸಭೆಗೇ ನುಗ್ಗಿ ಹುಸೇನ್ ಅವ್ನಿ ಪಾಷಾ ಮತ್ತು ವಿದೇಶಾಂಗ ಮಂತ್ರಿ ರಾಶಿದ್ ಪಾಷಾರನ್ನು ಕೊಂದ. ಮೊದಲೇ ಸೂಕ್ಷ್ಮ ಮನಸ್ಸಿನ ಮುರಾದರು ಕುಸಿದುಹೋದರು. ಹೊಸ ಸುಲ್ತಾನರಿಗೆ ಖಡ್ಗ ಕಟ್ಟುವ ಸಮಾರಂಭ ಕೂಡ ನಡೆಸಲಾಗಲಿಲ್ಲ. ವಿಯೆನ್ನಾದಿಂದ ಲೈಡ್ಸ್‌ಡಾರ್ಫ್ ಎಂಬ ಮನೋವೈದ್ಯರನ್ನು ಕರೆಸಿದರು. ವಿಶ್ರಾಂತಿ ಕೊಟ್ಟರೆ ಗುಣವಾಗುವ ಕಾಯಿಲೆ ಇದು ಎಂದು ಅವರು ಹೇಳಿದರು. ಆದರೆ ಬಾಲ್ಕನ್‌ನಲ್ಲಿ ಬೆಂಕಿ ಹತ್ತಿತ್ತು, ಕಾಯುವ ವ್ಯವಧಾನ ಯಾರಿಗೂ ಇರಲಿಲ್ಲ. ಆಗಸ್ಟ್ 31ರಂದು ಶೈಖುಲ್ ಇಸ್ಲಾಂ ಹೈರುಲ್ಲಾ ಎಫೆಂದಿಯವರಿಂದ ಫತ್ವಾ ತಂದು ಮುರಾದರನ್ನು ಇಳಿಸಿ, ಅಬ್ದುಲ್ ಹಮೀದರನ್ನು ಕೂರಿಸಿದರು. ಮುರಾದರು ಸುಲ್ತಾನರಾಗಿದ್ದದ್ದು 93 ದಿನ.

ಆ ಫತ್ವಾದ ಬಗ್ಗೆ ಒಂದು ಮಾತು. ಅದರಲ್ಲಿ ಬಳಸಿದ ಶಬ್ದ 'ಜುನೂನ್ ಮುತ್ಬಿಕ್'. ಕಿತಾಬು ಓದಿದ ನಮ್ಮ ಉಸ್ತಾದರುಗಳಿಗೆ ಇದು ಹೊಸದಲ್ಲ. ಬಂದು ಹೋಗುವ ಹುಚ್ಚಲ್ಲ, ಬಿಡದೆ ಹಿಡಿದುಕೊಂಡ ಹುಚ್ಚು ಎಂದು ಅರ್ಥ. ಹೈರುಲ್ಲಾ ಎಫೆಂದಿ ಮೂರು ತಿಂಗಳ ಹಿಂದೆಯಷ್ಟೇ ಅಬ್ದುಲ್ ಅಝೀಝರನ್ನು ಇಳಿಸಲಿಕ್ಕೂ ಫತ್ವಾ ಕೊಟ್ಟಿದ್ದವರು. ಮೂರು ತಿಂಗಳ ಕಾಯಿಲೆಯನ್ನು ನೋಡಿ ಇದು ಬಿಡದ ಹುಚ್ಚು ಎಂದು ಬರೆದುಕೊಡುವುದು ಎಷ್ಟು ಸರಿ ಎಂದು ಆಲಿಮರೇ ಹೇಳಲಿ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ಪ್ರಶ್ನೆ ನಂತರದ್ದು. ಮುರಾದರು ಒಂದೆರಡು ವರ್ಷದೊಳಗೆ ಗುಣವಾದರು. ಮಾತು ಸರಿಯಾಯಿತು, ಓದು ಬರಹ ಸರಿಯಾಯಿತು, ಪಿಯಾನೋಗೆ ಮರಳಿದರು. ಆಗ ಯಾರೂ ಹೊಸ ಫತ್ವಾ ಕೇಳಲಿಲ್ಲ. ಕಾಯಿಲೆಯ ಹೆಸರಿನಲ್ಲಿ ಒಳಗೆ ಹಾಕಿದವರನ್ನು ಕಾಯಿಲೆ ವಾಸಿಯಾದ ಮೇಲೂ ಬಿಡದೆ ಒಟ್ಟು 28 ವರ್ಷ ಅಲ್ಲೇ ಇಟ್ಟರು.

ಇಟ್ಟದ್ದು ಬಾಸ್ಫರಸ್ ದಡದ ಚಿರಾಗಾನ್ ಅರಮನೆಯಲ್ಲಿ. ಚಿರಾಗ್ ಎಂದರೆ ದೀಪ, ಉರ್ದು ಬಲ್ಲವರಿಗೆ ಹೇಳಬೇಕಿಲ್ಲ. ಆ ಜಾಗದಲ್ಲಿ ಹಿಂದೆ ದೀಪೋತ್ಸವ ನಡೆಯುತ್ತಿದ್ದುದರಿಂದ ಬಂದ ಹೆಸರು. ಅಮೃತಶಿಲೆ, ಕೆತ್ತನೆ, ಎದುರಿಗೆ ನೀರು, ಹಡಗುಗಳು. ಅರಮನೆ ತಾನೇ, ಅದರಲ್ಲಿ ಎಂತ ಕಷ್ಟ ಎಂದು ಕೇಳುವವರು ಇರಬಹುದು. ಗಂಜಿ ಊಟದ ಜೈಲಲ್ಲ, ನಿಜ. ಆದರೆ ಹೊರಗೆ ಹೋಗುವ ಹಾಗಿಲ್ಲ, ಹೊರಗಿನವರು ಒಳಗೆ ಬರುವ ಹಾಗಿಲ್ಲ, ಕಾಗದ ಬರೆಯುವ ಹಾಗಿಲ್ಲ, ಬಾಗಿಲಲ್ಲಿ ಹಗಲು ರಾತ್ರಿ ಪಹರೆ. ಊರಿನ ಪತ್ರಿಕೆಗಳಲ್ಲಿ ಮುರಾದ್ ಎಂಬ ಹೆಸರು ಬರೆಯಲಿಕ್ಕೇ ಸಂಪಾದಕರು ಹೆದರುತ್ತಿದ್ದ ಕಾಲ ಅದು.

ಒಳಗೆ ಹೋದದ್ದು ಮುರಾದರೊಬ್ಬರೇ ಅಲ್ಲ. ತಾಯಿ ಶೌಕೆಫ್ಝಾ ಹೋದರು, ಹೆಂಡಂದಿರು ಹೋದರು, ಮಗ ಸಲಾಹುದ್ದೀನ್ ಹೋದ, ಆರು ವರ್ಷದ ಮಗಳು ಖದೀಜಾ ಹೋದಳು (ತುರ್ಕಿಯಲ್ಲಿ ಹತೀಜೆ ಅನ್ನುತ್ತಾರೆ), ಒಂದು ವರ್ಷದ ಫಹೀಮಾ ಹೋದಳು. ಜೊತೆಗೆ ಸೇವೆಯ ಹೆಣ್ಣುಮಕ್ಕಳು, ಹೆಚ್ಚಿನವರು ಕಾಕಸಸ್ ಕಡೆಯಿಂದ ಚಿಕ್ಕಂದಿನಲ್ಲೇ ತಂದವರು. ಇವರ ಹೆಸರನ್ನು ಯಾವ ಸೀರಿಯಲ್ ಹೇಳುತ್ತದೆ? ಅವರಲ್ಲೇ ಒಬ್ಬರಾದ ಫಿಲಿಝ್‌ತನ್ ಎಂಬವರು ಮುಪ್ಪಿನಲ್ಲಿ ತಮ್ಮ ನೆನಪುಗಳನ್ನು ಝಿಯಾ ಶಾಕಿರ್ ಎಂಬ ಲೇಖಕರಿಗೆ ಹೇಳಿ ಬರೆಸಿದರು. ಅದು ಇಂಗ್ಲಿಷಿಗೂ ಬಂದಿದೆ. ನಮಗೆ ಆ ಗೋಡೆಯ ಒಳಗಿನ ದಿನಚರಿ ಗೊತ್ತಾಗುವುದರಲ್ಲಿ ಆ ಹೆಂಗಸಿನ ಪಾಲು ದೊಡ್ಡದು.

ಬಿಡಿಸುವ ಪ್ರಯತ್ನಗಳೂ ನಡೆದವು. 1878ರ ಮೇ 20ರಂದು ಅಲಿ ಸುಆವಿ ಎಂಬ ವಿದ್ವಾಂಸ, ಯುದ್ಧದಲ್ಲಿ ಮನೆಮಠ ಕಳಕೊಂಡು ಬಾಲ್ಕನ್‌ನಿಂದ ಬಂದಿದ್ದ ಮುಹಾಜಿರರ ಗುಂಪು ಕಟ್ಟಿಕೊಂಡು ಅರಮನೆಗೆ ನುಗ್ಗಿದ. ಬೆಶಿಕ್ತಾಶ್‌ನ ಪಹರೆಯ ಮುಖ್ಯಸ್ಥ ಹಸನ್ ಪಾಷಾ ದೊಣ್ಣೆಯಿಂದ ಹೊಡೆದು ಅವನನ್ನು ಅಲ್ಲೇ ಕೊಂದ. ಈ ಹಸನ್ ಪಾಷಾರಿಗೆ 'ಏಳು ಎಂಟು ಹಸನ್ ಪಾಷಾ' ಎಂದು ಅಡ್ಡಹೆಸರು. ಓದು ಬರಹ ಬಾರದ ಆ ಮನುಷ್ಯ ಸಹಿ ಹಾಕುವ ಕಡೆ ಅರಬಿಯ ಏಳು, ಎಂಟು ಬರೆಯುತ್ತಿದ್ದನಂತೆ. ಮದ್ರಸದ ಮಕ್ಕಳಿಗೆ ಈ ಎರಡು ಅಂಕಿ ಬರೆಯಲು ಹೇಳಿ ನೋಡಿ, ಒಂದು ಮೇಲೆ ಬಾಯಿ ತೆರೆದದ್ದು, ಒಂದು ಕೆಳಗೆ. ಸಹಿಗೆ ಧಾರಾಳ ಸಾಕು. ಅದೇ ವರ್ಷ ಸ್ಕಾಲಿಯೇರಿ ಎಂಬ ಫ್ರೀಮೇಸನ್‌ನ ಸಂಚೂ ಬಯಲಾಯಿತು. ಪ್ರತಿ ಪ್ರಯತ್ನದ ನಂತರ ಪಹರೆ ಇನ್ನಷ್ಟು ಬಿಗಿಯಾಯಿತು. ಆ ಬಿಗಿ ತಟ್ಟಿದ್ದು ಸಂಚು ಮಾಡಿದವರಿಗಲ್ಲ, ಒಳಗಿದ್ದ ಹೆಂಗಸರು ಮಕ್ಕಳಿಗೆ.

ಮಕ್ಕಳ ಲೆಕ್ಕ ಕೇಳಿ. ಬಂಧನದೊಳಗೆ ಮುರಾದರಿಗೆ 1879ರಲ್ಲಿ ಫಾತಿಮಾ, 1880ರಲ್ಲಿ ಆಲಿಯಾ ಹುಟ್ಟಿದರು. ಸಲಾಹುದ್ದೀನ್ ಎಫೆಂದಿಗೆ ಅಲ್ಲೇ ಮದುವೆ, ಅಲ್ಲೇ ಸಂಸಾರ. 1881ರಲ್ಲಿ ಬಹಿಯ್ಯಾ, 1883ರಲ್ಲಿ ಅಹ್ಮದ್ ನಿಹಾದ್, 1885ರಲ್ಲಿ ರುಖಿಯ್ಯಾ, 1887ರಲ್ಲಿ ಆದಿಲಾ, 1895ರಲ್ಲಿ ಉಸ್ಮಾನ್ ಫುಆದ್. ಇನ್ನೂ ಇದ್ದಾರೆ, ಪಟ್ಟಿ ಸಾಕು. ಅಹ್ಮದ್ ನಿಹಾದ್ ದೊಡ್ಡವನಾಗಿ ಅವನಿಗೂ ಮದುವೆಯಾಗಿ 1903ರ ಅಕ್ಟೋಬರ್‌ನಲ್ಲಿ ಅಲಿ ವಾಸಿಬ್ ಎಂಬ ಗಂಡು ಮಗು. ಅಲ್ಲಿಗೆ ನಾಲ್ಕು ತಲೆಮಾರು. ಮುತ್ತಜ್ಜನಿಗೆ ಒಂದು ಕಾಲದಲ್ಲಿ ಬಂದ ಮನೋರೋಗಕ್ಕೆ ತೊಟ್ಟಿಲ ಮಗು ಕೈದಿ!

ಆಲಿಯಾಳ ವಿಷಯ ಓದುವಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. 1880ರಲ್ಲಿ ಆ ಅರಮನೆಯಲ್ಲಿ ಹುಟ್ಟಿದವಳು 1903ರಲ್ಲಿ ಆ ಅರಮನೆಯಲ್ಲೇ ತೀರಿಹೋದಳು. ಇನ್ನೊಂದು ವರ್ಷ ಬದುಕಿದ್ದರೆ ಬಾಗಿಲು ತೆರೆಯುತ್ತಿತ್ತು. ಅವಳ ಅಜ್ಜಿ ಶೌಕೆಫ್ಝಾ ಕೂಡ 1889ರಲ್ಲಿ ಒಳಗೇ ಕಣ್ಣು ಮುಚ್ಚಿದ್ದರು.

ಖದೀಜಾ ಮತ್ತು ಫಹೀಮಾ ಹೊರಗೆ ಬಂದದ್ದು 1901ರಲ್ಲಿ, ಮದುವೆಯ ಬಾಗಿಲಿಂದ. ಗಂಡಂದಿರನ್ನು ಆರಿಸಿದ್ದು ಚಿಕ್ಕಪ್ಪ ಅಬ್ದುಲ್ ಹಮೀದ್. ಖದೀಜಾಳಿಗೆ ಆಗ 31 ವರ್ಷ. ಆ ಗಂಡ ಅವಳಿಗೆ ಒಗ್ಗಲೇ ಇಲ್ಲ. ಮುಂದೆ ಅಬ್ದುಲ್ ಹಮೀದರ ಅಳಿಯ ಕಮಾಲುದ್ದೀನ್ ಪಾಷಾನಿಗೂ ಖದೀಜಾಳಿಗೂ ನಡುವಿನ ಪ್ರೇಮಪತ್ರಗಳು ಸಿಕ್ಕಿ 1904ರಲ್ಲಿ ದೊಡ್ಡ ಗುಲ್ಲಾಯಿತು. ಇತಿಹಾಸದ ಗಾಸಿಪ್ ಪುಸ್ತಕಗಳು ಈ ಒಂದು ಪ್ರಕರಣವನ್ನು ಚಪ್ಪರಿಸಿ ಬರೆಯುತ್ತವೆ. ಆರನೇ ವಯಸ್ಸಿನಿಂದ 31ರ ತನಕ ಹೊರಜಗತ್ತು ಕಾಣದವಳು ಅವಳು ಎಂಬುದನ್ನು ಮಾತ್ರ ಅರ್ಧ ಸಾಲಿನಲ್ಲಿ ದಾಟಿಬಿಡುತ್ತಾರೆ. ಅವಳು ಮಾಡಿದ್ದು ಸರಿ ಎಂದು ನಾನು ಹೇಳುವುದಿಲ್ಲ. ಅವಳಿಗೆ ಮಾಡಿದ್ದನ್ನೂ ಅಷ್ಟೇ ಅಕ್ಷರದಲ್ಲಿ ಬರೆಯಿರಿ ಎಂದಷ್ಟೇ ಹೇಳುತ್ತೇನೆ.

ಮುರಾದರು 1904ರ ಆಗಸ್ಟ್ 29ರಂದು ತೀರಿಕೊಂಡರು. ಸಕ್ಕರೆ ಕಾಯಿಲೆ ಇತ್ತು. ದೊಡ್ಡ ಸಮಾರಂಭವಿಲ್ಲದೆ ಯೆನಿ ಜಾಮಿ ಮಸೀದಿಯ ಬಳಿಯ ಮಖ್ಬರದಲ್ಲಿ ತಾಯಿಯ ಪಕ್ಕ ದಫನ ಮಾಡಿದರು. ನಂತರವೇ ಕುಟುಂಬಕ್ಕೆ ಬಿಡುಗಡೆ. ಹೊರಗೆ ಬಂದ ಮೇಲೂ 1908ರ ಕ್ರಾಂತಿಯವರೆಗೆ ಗುಪ್ತಚರರ ಕಣ್ಣು ತಪ್ಪಲಿಲ್ಲ. ಸಲಾಹುದ್ದೀನ್ ಎಫೆಂದಿ ಮತ್ತೆ ಬದುಕಿದ್ದು ಹನ್ನೊಂದು ವರ್ಷವೂ ಪೂರ್ತಿಯಿಲ್ಲ, 1915ರ ಏಪ್ರಿಲ್‌ನಲ್ಲಿ ಹೋದರು. ಒಳಗಿದ್ದಾಗ ಅವರು ಬರೆಯುತ್ತಿದ್ದರು. ಆ ಕಾಗದಪತ್ರಗಳನ್ನು ಇತಿಹಾಸಕಾರ ಎಡ್ಹೆಮ್ ಎಲ್ಡೆಮ್ ಈಚಿನ ವರ್ಷಗಳಲ್ಲಿ ತುರ್ಕಿಯಲ್ಲಿ ಪ್ರಕಟಿಸಿದ್ದಾರೆ. ಹದಿನೈದರಿಂದ ನಲ್ವತ್ಮೂರು ಎಂದರೆ ನಮ್ಮಲ್ಲಿ ಒಬ್ಬ ಗಂಡಸು ಕಾಲೇಜು ಮುಗಿಸಿ, ಗಲ್ಫಿಗೆ ಹೋಗಿ, ಮನೆ ಕಟ್ಟಿ, ಮಗಳ ನಿಕಾಹ್‌ಗೆ ಹೊರಡುವ ವಯಸ್ಸು. ಆ ಇಡೀ ಪ್ರಾಯವನ್ನು ಒಬ್ಬ ಮನುಷ್ಯ ಒಂದು ತೋಟದ ಗೋಡೆಯೊಳಗೆ ಕಳೆದ.

ಇಲ್ಲಿ ಅಬ್ದುಲ್ ಹಮೀದರ ಪರವಾಗಿ ವಾದಿಸುವವರ ಮಾತನ್ನೂ ಕೇಳಬೇಕು. ಅವರ ವಾದ ಪೊಳ್ಳಲ್ಲ. ಚಿಕ್ಕಪ್ಪ ಶವವಾದದ್ದನ್ನು, ಅಣ್ಣ ಕುಸಿದದ್ದನ್ನು ನೋಡಿ ಗದ್ದುಗೆಗೆ ಬಂದವರು ಅವರು. ಬಂದ ಮರುವರ್ಷವೇ ರಷ್ಯಾದ ಜೊತೆ ಯುದ್ಧ, ಸೋಲು, ಬಾಲ್ಕನ್‌ನ ಬಹುಭಾಗ ಕೈಬಿಟ್ಟದ್ದು. ಅಣ್ಣನನ್ನು ಮುಂದಿಟ್ಟುಕೊಂಡು ತನ್ನನ್ನು ಇಳಿಸುವವರು ಇದ್ದಾರೆ ಎಂಬ ಅವರ ಭಯಕ್ಕೆ ಅಲಿ ಸುಆವಿಯೇ ಸಾಕ್ಷಿ. ಹಿಜಾಝ್ ರೈಲು ಹಾಕಿಸಿದರು, ಅದಕ್ಕೆ ಹಿಂದೂಸ್ತಾನದ ಮುಸ್ಲಿಮರೂ ಚಂದಾ ಕೊಟ್ಟರು. ಶಾಲೆ ಕಟ್ಟಿಸಿದರು, ಟೆಲಿಗ್ರಾಫ್ ಜಾಲ ವಿಸ್ತರಿಸಿದರು. ಹಳೆ ಕಾಲದ ಸುಲ್ತಾನರ ಹಾಗೆ ಅಣ್ಣನನ್ನು ಕೊಲ್ಲಿಸಲಿಲ್ಲ. 1595ರಲ್ಲಿ ಮೂರನೇ ಮುಹಮ್ಮದ್ ಪಟ್ಟಕ್ಕೆ ಬಂದಾಗ 19 ಮಂದಿ ತಮ್ಮಂದಿರನ್ನು ಕೊಲ್ಲಿಸಿದ್ದು ಅದೇ ವಂಶದಲ್ಲಿ. ಆ ಮೇಲೆ ಬಂದದ್ದು 'ಖಫಸ್', ಅಂದರೆ ಪಂಜರ. ಮೂರನೇ ಉಸ್ಮಾನ್ ಎಂಬವರು 51 ವರ್ಷ ಅದರಲ್ಲಿದ್ದು ನಂತರ ಸುಲ್ತಾನರಾದರು. ಪಂಜರದ ಶಹಝಾದೆಗಳಿಗೆ ಮಕ್ಕಳಾಗಲು ಬಿಡುತ್ತಿರಲಿಲ್ಲ. ಇವೆಲ್ಲದರ ಮುಂದೆ ಚಿರಾಗಾನ್ ದಯೆಯೇ ಅನ್ನಬಹುದು.

ಅನ್ನಬಹುದು, ಆದರೆ ನಾನು ಅನ್ನುವುದಿಲ್ಲ. ಕೊಲ್ಲದೆ ಬಿಟ್ಟದ್ದನ್ನು ದಯೆ ಎಂದು ಲೆಕ್ಕ ಹಾಕಲು ಶುರು ಮಾಡಿದರೆ ಅದಕ್ಕೆ ಕೊನೆಯಿಲ್ಲ. ಮುರಾದರನ್ನು ಇಡಲು ರಾಜಕೀಯದ ಕಾರಣವಾದರೂ ಇತ್ತು. ಆಲಿಯಾಳನ್ನು ಇಡಲು ಎಂತ ಕಾರಣ? ಬಹಿಯ್ಯಾ, ರುಖಿಯ್ಯಾ, ಆದಿಲಾರನ್ನು ಇಡಲು? ಹೆಣ್ಣುಮಕ್ಕಳಿಗೆ ಆ ವಂಶದಲ್ಲಿ ಗದ್ದುಗೆಯ ಹಕ್ಕೇ ಇರಲಿಲ್ಲ. ಅಪ್ಪನ ವಿಷಯಕ್ಕೆ ಮಗಳನ್ನು ಹಿಡಿಯುವುದು ನ್ಯಾಯವಲ್ಲ ಎಂಬುದು ಐದನೇ ತರಗತಿ ಮದ್ರಸದ ಹುಡುಗನಿಗೂ ಗೊತ್ತಿರುವ ಪಾಠ. ಆ ಕಾಲದಲ್ಲಿ ಹಿಂದೂಸ್ತಾನದ ಎಷ್ಟೋ ಮಸೀದಿಗಳ ಜುಮಾ ಖುತ್ಬಾದಲ್ಲಿ ಸುಲ್ತಾನರಿಗಾಗಿ ದುಆ ನಡೆಯುತ್ತಿತ್ತು. ದುಆ ಮಾಡಿದ ನಮ್ಮ ಹಿರಿಯರಿಗೆ ಚಿರಾಗಾನ್‌ನ ಒಳಗಿನದ್ದು ಗೊತ್ತಿರಲಿಕ್ಕಿಲ್ಲ, ಅವರನ್ನು ದೂರಲಾಗದು. ನಮಗೆ ಗೊತ್ತಾಗಬಾರದೆಂದು ಯಾರೂ ತಡೆದಿಲ್ಲವಲ್ಲ.

ಕೆಲವರು ಹೇಳುತ್ತಾರೆ: ಇಂಥದ್ದನ್ನೆಲ್ಲ ಎತ್ತಿ ಆಡಿದರೆ ನಮ್ಮ ಶತ್ರುಗಳಿಗೆ ಮಾತು ಕೊಟ್ಟ ಹಾಗೆ ಆಗುತ್ತದೆ, ಮುಚ್ಚಿಡಿ. ನನಗೆ ಇದು ಅರ್ಥವಾಗುವುದಿಲ್ಲ. ಮುಚ್ಚಿಡುವುದಾದರೆ ಅಬ್ದುಲ್ ಹಮೀದರ ಸ್ವಂತ ಕಥೆಯ ಕೊನೆಯ ಭಾಗವನ್ನೂ ಮುಚ್ಚಿಡಬೇಕಾಗುತ್ತದೆ. 1909ರ ಏಪ್ರಿಲ್‌ನಲ್ಲಿ ಅವರನ್ನೂ ಫತ್ವಾ ತಂದೇ ಇಳಿಸಿದರು. ಅದೇ ರಾತ್ರಿ ಕುಟುಂಬದ ಸಮೇತ ರೈಲು ಹತ್ತಿಸಿ ಸಲೋನಿಕಾದ ಅಲ್ಲಾತೀನಿ ಎಂಬ ಬಂಗಲೆಯಲ್ಲಿಟ್ಟರು. ಪತ್ರಿಕೆ ಇಲ್ಲ, ಹೊರಗೆ ಕಾಲಿಡುವ ಹಾಗಿಲ್ಲ. ಜೊತೆಗೆ ನಾಲ್ಕು ವರ್ಷವೂ ತುಂಬದ ಮಗ ಆಬಿದ್. 1912ರಲ್ಲಿ ಗ್ರೀಕ್ ಸೈನ್ಯ ಹತ್ತಿರ ಬಂದಾಗ ಜರ್ಮನ್ ಹಡಗಿನಲ್ಲಿ ಇಸ್ತಾಂಬುಲಿಗೆ ತಂದು ಬೇಲರ್‌ಬೇಯಿ ಅರಮನೆಯಲ್ಲಿ ಕೂಡಿಹಾಕಿದರು. ಅದು ಬಾಸ್ಫರಸ್‌ನ ಆಚೆ ದಡ. ಚಿರಾಗಾನ್ ಈಚೆ ದಡ. 1918ರ ಫೆಬ್ರವರಿ 10ರಂದು ಅಲ್ಲೇ ತೀರಿಕೊಂಡರು. ಬಂಧನದಲ್ಲಿದ್ದ ಅಬ್ದುಲ್ ಹಮೀದರಿಗಾಗಿ ಮರುಗುವವನು ಅವರ ಅಣ್ಣನಿಗಾಗಿಯೂ ಮರುಗಬೇಕು. ಒಂದಕ್ಕೆ ಕಣ್ಣೀರು, ಇನ್ನೊಂದಕ್ಕೆ ಸಮರ್ಥನೆ ಎಂದರೆ ಅದು ಇತಿಹಾಸವಲ್ಲ, ಫುಟ್ಬಾಲ್ ಅಭಿಮಾನ.

1924ರ ಮಾರ್ಚ್‌ನಲ್ಲಿ ಖಿಲಾಫತ್ತನ್ನೇ ರದ್ದುಮಾಡಿ ಇಡೀ ವಂಶವನ್ನು ಟರ್ಕಿಯಿಂದ ಹೊರಹಾಕಿದಾಗ ಕೂಡಿಹಾಕಿದವರ ಮಕ್ಕಳೂ ಕೂಡಿಹಾಕಿಸಿಕೊಂಡವರ ಮಕ್ಕಳೂ ಒಟ್ಟಿಗೇ ಪೆಟ್ಟಿಗೆ ಕಟ್ಟಿದರು. ಮತ್ತೆ ಅದೇ ಲೆಕ್ಕ, ಹುಟ್ಟಿದ ಮನೆಗಾಗಿ ಶಿಕ್ಷೆ. ಫಹೀಮಾ 1929ರಲ್ಲಿ ಫ್ರಾನ್ಸಿನ ನೀಸ್‌ನಲ್ಲಿ ಬಡತನದಲ್ಲಿ ತೀರಿಹೋದಳು. ಖದೀಜಾ 1938ರಲ್ಲಿ ಬೈರೂತ್‌ನಲ್ಲಿ. ಖದೀಜಾಳ ಎರಡನೇ ಮದುವೆಯ ಮಗಳು ಸಲ್ಮಾ ಅವಧ್‌ನ ಕೋಟ್ವಾರಾದ ರಾಜರನ್ನು ಮದುವೆಯಾಗಿ ಹಿಂದೂಸ್ತಾನಕ್ಕೆ ಬಂದಳು. ಆಕೆಯ ಮಗಳು ಕನೀಝೆ ಮುರಾದ್ ಫ್ರೆಂಚ್‌ನಲ್ಲಿ ಬರೆದ ಕಾದಂಬರಿ 1987ರಲ್ಲಿ ಬಂದು ಲೋಕವೆಲ್ಲ ಓದಿತು.

ಇನ್ನೊಂದು ಎಳೆ ನಮಗೆ ಇನ್ನೂ ಹತ್ತಿರ. ಚಿರಾಗಾನ್‌ನಲ್ಲಿ ಹುಟ್ಟಿದ ಆದಿಲಾಳ ಮಗಳೇ ನಿಲೋಫರ್. 1931ರಲ್ಲಿ ನೀಸ್‌ನಲ್ಲಿ ಹೈದರಾಬಾದ್ ನಿಝಾಮರ ಎರಡನೇ ಮಗ ಮುಅಝ್ಝಮ್ ಜಾಹ್‌ರನ್ನು ಮದುವೆಯಾಗಿ ಬಂದ ಆ ರಾಜಕುಮಾರಿಯ ಹೆಸರನ್ನು ಕಲಬುರಗಿ, ಬೀದರ್, ರಾಯಚೂರು ಕಡೆಯ ಹಿರಿಯರು ಕೇಳಿಯೇ ಇರುತ್ತಾರೆ. ಆಗ ಆ ಜಿಲ್ಲೆಗಳೆಲ್ಲ ನಿಝಾಮರ ಸಂಸ್ಥಾನದಲ್ಲಿದ್ದವು. ಅವಳ ಚೆಲುವಿನ ಬಗ್ಗೆ, ಸೀರೆಗಳ ಬಗ್ಗೆ ಬರೆದವರಿಗೆ ಲೆಕ್ಕವಿಲ್ಲ. ಮನೆಯ ಸೇವಕಿಯೊಬ್ಬಳು ಹೆರಿಗೆಯಲ್ಲಿ ಸತ್ತಾಗ, ಇನ್ನು ಹೀಗಾಗಬಾರದೆಂದು ಹಟ ಹಿಡಿದು ಆಸ್ಪತ್ರೆ ಆಗುವಂತೆ ಮಾಡಿದಳು. ಹೈದರಾಬಾದಿನ ರೆಡ್ ಹಿಲ್ಸ್‌ನಲ್ಲಿರುವ ನಿಲೋಫರ್ ಆಸ್ಪತ್ರೆ ಇವತ್ತಿಗೂ ಬಡ ತಾಯಿ ಮಕ್ಕಳಿಂದ ತುಂಬಿರುತ್ತದೆ. ಅದರ ಹೆಸರಿನ ಹಿಂದೆ ಬಾಸ್ಫರಸ್ ದಡದ ಒಂದು ಬೀಗ ಹಾಕಿದ ಬಾಗಿಲು ಇದೆ ಎಂಬುದು ಅಲ್ಲಿ ಚೀಟಿ ಹಿಡಿದು ಕೂತವರಿಗೆ ಗೊತ್ತಿರಬೇಕೆಂದೇನೂ ಇಲ್ಲ.

ಟರ್ಕಿ ಆ ವಂಶದ ಹೆಂಗಸರಿಗೆ 1952ರಲ್ಲಿ, ಗಂಡಸರಿಗೆ 1974ರಲ್ಲಿ ಮರಳಿ ಬರಲು ಬಿಟ್ಟಿತು. ಚಿರಾಗಾನ್‌ನಲ್ಲಿ ಹುಟ್ಟಿ ಒಂಬತ್ತು ವರ್ಷ ಅಲ್ಲೇ ಕಳೆದ ಉಸ್ಮಾನ್ ಫುಆದ್, ಮುಂದೆ ಲಿಬಿಯಾದಲ್ಲಿ ಉಸ್ಮಾನಿಯಾ ಸೈನ್ಯಕ್ಕಾಗಿ ಹೋರಾಡಿದವರು, 1973ರ ಮೇಯಲ್ಲಿ ನೀಸ್‌ನಲ್ಲಿ ತೀರಿಕೊಂಡರು. ಅರಮನೆ 1910ರಲ್ಲೇ ಬೆಂಕಿಗೆ ಸಿಕ್ಕಿತು. ಗೋಡೆ ಮಾತ್ರ ಉಳಿದು, ಈಗ ದುರಸ್ತಿಯಾಗಿ ಐಷಾರಾಮಿ ಹೋಟೆಲ್ ಆಗಿದೆ. ನಮ್ಮವರು ಟೂರ್ ಪ್ಯಾಕೇಜಿನಲ್ಲಿ ಹೋಗಿ ದೋಣಿಯಲ್ಲಿ ಕೂತು ಅದರ ಮುಂದೆ ಸೆಲ್ಫಿ ತೆಗೆದು ಗ್ರೂಪಿಗೆ ಹಾಕುತ್ತಾರೆ.

ನಮ್ಮಲ್ಲಿ ಇಂಗ್ಲಿಷ್ ಚೆನ್ನಾಗಿ ಬಲ್ಲ ಹೆಣ್ಣುಮಕ್ಕಳು ಈಗ ಸಾಕಷ್ಟಿದ್ದಾರೆ, ಕಾಲೇಜಿನಲ್ಲಿ ಇತಿಹಾಸ ಕಲಿತವರೂ ಇದ್ದಾರೆ. ಫಿಲಿಝ್‌ತನ್ ಹೇಳಿ ಬರೆಸಿದ ನೆನಪುಗಳನ್ನು ಅವರಲ್ಲಿ ಯಾರಾದರೂ ಕನ್ನಡಕ್ಕೆ ತರಲಿ. ಸೀರಿಯಲ್‌ನ ಐನೂರು ಎಪಿಸೋಡ್ ನೋಡಲು ನಮಗೆ ಪುರುಸೊತ್ತು ಉಂಟು. ಒಬ್ಬ ಸೇವೆಯ ಹೆಂಗಸು ಕಂಡ 28 ವರ್ಷಗಳನ್ನು ಓದಲು ನಾಲ್ಕು ಸಂಜೆ ಸಾಕು.